ಬಾವಲಿ ಗೇಟಿನ ಮದುಮಗಳು

ಜೀಪು ಮತ್ತೊಮ್ಮೆ ಗುದ್ದಿತು.

ನನ್ನ ಆಲ್ಟೊ ರಸ್ತೆ ಬಿಟ್ಟು ಕಾಫಿ ಗಿಡಗಳ ಕಡೆಗೆ ಜಾರಿತು. ಸ್ಟಿಯರಿಂಗ್ ಎಳೆದೆ. ಕಾರು ಬಂತು. ಹಿಂದಿನ ಬಂಪರ್ ಮಾತ್ರ ಕಾಟಿಕುಳಂ ತಿರುವಿನಲ್ಲೇ ಉಳಿಯಿತು.

"ತಲೆ ತಗ್ಗಿಸ್ಕೊಂಡು ಕೂತ್ಕೊ," ಎಂದೆ.

ಪಕ್ಕದ ಸೀಟಿನಲ್ಲಿದ್ದ ಪ್ರೇಮಾ ತಗ್ಗಲಿಲ್ಲ. ತಿರುಗಿ ಹಿಂದಕ್ಕೇ ನೋಡುತ್ತಿದ್ದಳು. ರೇಷ್ಮೆ ಸೀರೆ, ಕೈತುಂಬ ಹಸಿರು ಬಳೆ, ಮುಡಿಯಲ್ಲಿ ಮಲ್ಲಿಗೆ. ಯಾರು ನೋಡಿದರೂ ಹೊಸದಾಗಿ ಮದುವೆಯಾದವಳು ಅನ್ನಬೇಕು. ಹಾಗೆ ಸಿಂಗರಿಸಿದ್ದು ನಾನೇ.

"ಅವ್ನೇ ಕಣಣ್ಣ, ಮೇಸ್ತ್ರಿ ಸಿದ್ಧಾರ್ಥ. ನಮ್ಮಣ್ಣನ್ನ ಒಡ್ದೋನು ಅವ್ನೇ."

"ಅಣ್ಣ ಅನ್ಬೇಡ ಅಂತ ಎಷ್ಟ್ ಸಲ ಹೇಳ್ಲಿ? ಗೇಟು ದಾಟೋವರ್ಗೂ ನಾನು ನಿನ್ ಗಂಡ."

"ಆಯ್ತಣ್ಣ."

ನನ್ನ ಹಣೆಬರಹ!

ನನ್ನ ಹೆಸರು ಬೆಟ್ಟಸ್ವಾಮಿ. ಊರು ಹುಣಸೂರು. ಕೊರೊನಾಕ್ಕೆ ಮೊದಲು ಟೂರಿಸ್ಟ್ ಟ್ಯಾಕ್ಸಿ ಓಡಿಸುತ್ತಿದ್ದೆ. ಗಡಿಗಳು ಮುಚ್ಚಿದ ಮೇಲೆ ಜನರನ್ನು ದಾಟಿಸುವುದೇ ಕಸುಬಾಯಿತು. ಯಾವ ಗೇಟಿನಲ್ಲಿ ಏನು ಕೇಳುತ್ತಾರೆ, ಯಾರಿಗೆ ಏನು ಹೇಳಬೇಕು... ಎಲ್ಲ ಬಾಯಿಪಾಠ. ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ. ಆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಹನಗೋಡಿನ ಚಾಮುಂಡಮ್ಮ ನನ್ನನ್ನು ಹುಡುಕಿಕೊಂಡು ಬಂದದ್ದು ಅದಕ್ಕೇ. ಆಕೆಯ ಮಗ ಕೃಷ್ಣನನ್ನೂ ಮಗಳು ಪ್ರೇಮಾಳನ್ನೂ ಈ ಸಿದ್ಧಾರ್ಥ ವಯನಾಡಿನ ಕಾಫಿ ತೋಟಕ್ಕೆ ಕೆಲಸಕ್ಕೆಂದು ಕರೆದೊಯ್ದಿದ್ದ. ಲಾಕ್‌ಡೌನ್ ನೆಪ ಹೇಳಿ ಊರಿಗೆ ಬಿಡಲಿಲ್ಲ. ಕೃಷ್ಣ ಎದುರು ಮಾತಾಡಿದ. ಮೇಸ್ತ್ರಿ ಗುದ್ದಲಿ ಕಾವಿನಿಂದ ತಲೆಗೆ ಹೊಡೆದ. ಸತ್ತವನನ್ನು ಕೊರೊನಾ ಹೆಣ ಎಂದು ಹೇಳಿ ಅದೇ ದಿನ ಸುಡಿಸಿಬಿಟ್ಟ. ಹತ್ತಿರ ಬಂದು ನೋಡುವ ಧೈರ್ಯ ಯಾರಿಗಿತ್ತು?

ಹೆಣ ಇಲ್ಲ. ಪೋಸ್ಟ್‌ಮಾರ್ಟಂ ಇಲ್ಲ. ಕಣ್ಣಾರೆ ಕಂಡವಳು ಪ್ರೇಮಾ ಒಬ್ಬಳೇ; ಕದ್ದು ಫೋನ್ ಮಾಡಿ ತಾಯಿಗೆ ಹೇಳಿದ್ದಳು. ಅವಳು ಊರು ಸೇರಿ ಬಾಯಿ ಬಿಟ್ಟರೆ ಮೇಸ್ತ್ರಿಗೆ ಜೈಲು. ಅವನ ಕೈಗೆ ಸಿಕ್ಕರೆ... ಅವಳಿಗೂ ಕೊರೊನಾ ಬರುತ್ತಿತ್ತು. ಅಣ್ಣನಿಗೆ ಬಂದಂಥದೇ.

"ಒಬ್ಬ ಬೂದಿಯಾದ. ಇವ್ಳನ್ನಾದ್ರೂ ತಂದ್ಕೊಡಪ್ಪ," ಎಂದಿದ್ದಳು ಮುದುಕಿ. ಆಕೆಯ ಪೆಟ್ಟಿಗೆಯ ರೇಷ್ಮೆ ಸೀರೆಯನ್ನೇ ಕೇಳಿ ಇಸಕೊಂಡು ಹೊರಟೆ.

ಪ್ಲಾನ್ ಆಗಲೇ ಸಿದ್ಧವಾಗಿತ್ತು. ಕುಟ್ಟದ ಕಡೆ ತಪಾಸಣೆ ಬಿಗಿ. ಗುಂಡ್ಲುಪೇಟೆ ಬಲು ಸುತ್ತು. ಉಳಿದದ್ದು ಬಾವಲಿ. ಹೊಳೆ ದಾಟಿದರೆ ನಮ್ಮ ಗೇಟು, ಅದರಾಚೆ ಕಾಡು, ಕಾಡು ಮುಗಿದರೆ ಎಚ್.ಡಿ. ಕೋಟೆ. ಆದರೆ ಕೇರಳದಿಂದ ಬರುವವರಿಗೆ ನೆಗೆಟಿವ್ ರಿಪೋರ್ಟ್ ಬೇಕು. ರಿಪೋರ್ಟ್ ಕೈಗೆ ಬರಲು ದಿನ ಹಿಡಿಯುತ್ತದೆ. ತೋಟದ ಆಳುಗಳ ಲೈನ್‌ಮನೆಯಿಂದ ತಪ್ಪಿಸಿಕೊಂಡು ಬಂದವಳು ಅಲ್ಲಿಯವರೆಗೆ ಎಲ್ಲಿ ಅಡಗಬೇಕು?

ಆಷಾಢ ಶುರುವಾಗಿತ್ತು. ಆಷಾಢದಲ್ಲಿ ಹೊಸ ಸೊಸೆ ಅತ್ತೆಮನೆಯಲ್ಲಿ ಇರುವ ಹಾಗಿಲ್ಲ, ತವರಿಗೆ ಹೋಗಲೇಬೇಕು. ಗೇಟಿನಲ್ಲಿರುವವರೂ ನಮ್ಮ ಕಡೆಯವರೇ. ಅಂಥ ಹೆಣ್ಣುಮಗಳನ್ನು ವಾಪಸ್ ಕಳಿಸಲು ಮನಸ್ಸು ಬಾರದೆ, ಅಲ್ಲೇ ಟೆಸ್ಟಿಗೆಂದು ಮೂಗಿಗೆ ಕಡ್ಡಿ ಹಾಕಿ ಒಳಗೆ ಬಿಟ್ಟಾರು ಎಂದು ಎಣಿಸಿದೆ. ಪಕ್ಕದಲ್ಲಿ ಗಂಡನೂ ಇದ್ದರೆ ಅನುಮಾನವೇ ಬರುವುದಿಲ್ಲ. ಹಾಗಾಗಿ ನಾನು ಗಂಡನಾದೆ. ತಲೆ ನರೆತರೂ ಮದುವೆಯಾಗದವನ ಬುದ್ಧಿ ಅಷ್ಟೇ ದೂರ ಓಡುವುದು.

ಪೊಲೀಸರಿಗೆ ನಿಜವನ್ನೇ ಹೇಳಬಹುದಿತ್ತಲ್ಲ ಅನ್ನುತ್ತೀರಾ? ನನ್ನ ಕಸುಬಿನವರಿಗೆ ಆ ಯೋಚನೆ ಬರುವುದೇ ಇಲ್ಲ.

ಸೇತುವೆ ಬಂತು. ಜೀಪು ಹಿಂದೆ ಉಳಿಯಿತು. ಗೇಟಿನ ಎದುರೇ ಗುದ್ದುವಷ್ಟು ಪೆದ್ದನಲ್ಲ ಅವನು.

ತುಂತುರು ಮಳೆ. ಮೊದಲ ಬ್ಯಾರಿಕೇಡ್ ದಾಟಿಸಿ ಕಾರು ನಿಲ್ಲಿಸಿದರು. ರೈನ್‌ಕೋಟ್ ತೊಟ್ಟ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಕಾರಿನೊಳಗೆ ಬಗ್ಗಿ ನೋಡಿದರು. ಅವರ ಹೆಸರು ಯಶೋಧರಾ. ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣುತ್ತಿತ್ತು.

"ರಿಪೋರ್ಟ್ ತೋರ್ಸಿ."

"ಇಲ್ಲ ಮೇಡಂ. ಅರ್ಜೆಂಟಲ್ಲಿ ಹೊರಟ್ವಿ. ಆಷಾಢ ಅಲ್ವಾ... ತವರಿಗೆ ಬಿಡೋಣ ಅಂತ."

"ಯಾವೂರಮ್ಮ ನಿಂದು?"

"ಅನಗೋಡು," ಎಂದಳು ಪ್ರೇಮಾ.

ಅವರ ಕಣ್ಣು ಮೆತ್ತಗಾಯಿತು. "ನಮ್ದೂ ಅಲ್ಲೇ ಹತ್ರ, ಕಟ್ಟೆಮಳಲವಾಡಿ. ಸ್ವಾಬ್ ಕೊಟ್ಟು ಹೋಗಿ."

ಗೆದ್ದೆ ಅಂದುಕೊಂಡೆ. ಗೇರಿಗೆ ಕೈ ಹಾಕಿದೆ.

"ತಾಳ್ರೀ. ನೀವ್ಯಾರು?"

"ಗಂಡ."

"ಗಂಡಾನಾ?"

ಯಶೋಧರಾ ನನ್ನ ನರೆತ ತಲೆಯನ್ನೂ ಪ್ರೇಮಾಳ ಹಸಿರು ಬಳೆಗಳನ್ನೂ ನೋಡಿದರು.

"ಆಷಾಢಕ್ಕೆ ಹೆಂಡ್ತೀನ ಗಂಡನೇ ತವರಿಗೆ ಕರ್ಕೊಂಡ್ ಹೋಗೋದು ಯಾವ ಸೀಮೇಲ್ರೀ ಇದೆ? ಅಪ್ಪನೋ ಅಣ್ಣನೋ ಬಂದು ಕರೀಬೇಕು. ಕೀ ಕೊಡಿ. ಇಳೀರಿ ಕೆಳಗೆ."

ಚಿಕ್ಕ ಮಕ್ಕಳಿಗೂ ಗೊತ್ತಿರುವ ಸಂಗತಿ! ನನ್ನ ತಲೆಗೇ ಹೊಳೆದಿರಲಿಲ್ಲ. ಕೀ ಕೊಟ್ಟೆ. ಇಳಿದೆ. ಕನ್ನಡಿಯಲ್ಲಿ ಮೇಸ್ತ್ರಿ ಜೀಪಿನಿಂದ ಇಳಿಯುವುದು ಕಂಡಿತ್ತು. ಇನ್ನು ಮುಗಿಯಿತು, ಈ ಹುಡುಗಿಯನ್ನು ನಾನೇ ಕೊಂದೆ ಅನ್ನಿಸಿತು.

ಆಗ ಪ್ರೇಮಾ ಬಾಗಿಲು ತೆಗೆದು ಹೊರಬಂದಳು.

"ಅಣ್ಣನೇ ಬರ್ಬೇಕಾಗಿತ್ತು ಕಣಕ್ಕ," ಎಂದಳು. "ಅಣ್ಣನ್ನ ಕೊಂದಾಕ್ಬುಟ್ರು. ಕರ್ಕೊಂಡೋಗಕೆ ಇನ್ಯಾರೂ ಇಲ್ಲ. ಕೊಂದೋನು ಅಗಾ, ಅಲ್ ಬತ್ತಾವ್ನೆ."

ಅಷ್ಟು ಹೇಳಿ ಅತ್ತಳು. ಲೈನ್‌ಮನೆ ಬಿಟ್ಟಾಗಿನಿಂದ ತಡೆದಿಟ್ಟುಕೊಂಡ ಅಳು.

ಯಶೋಧರಾ ಅವಳು ತೋರಿಸಿದ ಕಡೆ ತಿರುಗಿದರು.

ಮೇಸ್ತ್ರಿ ಬ್ಯಾರಿಕೇಡ್ ಸಂದಿನಲ್ಲಿ ನುಗ್ಗಿ ಬಂದ. ಮಾಸ್ಕ್ ಗದ್ದದ ಕೆಳಗೆ. "ನಮ್ ತೋಟದ ಆಳು ಕಣ್ರೀ ಮೇಡಂ. ಕೊರೊನಾ ಪಾಸಿಟಿವ್ ಬಂದದೆ. ಇವ್ಳಣ್ಣನೂ ಅದ್ರಲ್ಲೇ ಸತ್ತ. ನಿಮಗೆಲ್ಲ ಅಂಟಿಸ್ಬುಡ್ತಾಳೆ. ನಂಗೊಪ್ಪಿಸಿ, ವಾಪಸ್ ಕರ್ಕೊಂಡೋಯ್ತೀನಿ."

ಪ್ರೇಮಾಳ ಮುಂಗೈ ಹಿಡಿದು ಎಳೆದ. ಬಳೆ ಒಡೆದವು. ನಾನು ಮುಂದೆ ಹೋದೆ. ನನಗಿಂತ ಮೊದಲು ಲಾಠಿ ಅಡ್ಡ ಬಂತು.

"ಪಾಸಿಟಿವ್ ಅಂತ ಖಾತ್ರೀನಾ?" ಎಂದರು ಯಶೋಧರಾ, ತಣ್ಣಗೆ.

"ದೇವ್ರಾಣೆ."

"ನೀವೂ ಅದೇ ತೋಟದಲ್ಲೇ ಇರೋದಾ?"

"ಊ. ನಾನೇ ಅಲ್ಲೆಲ್ಲ ನೋಡ್ಕಳದು..."

"ಆಂಬುಲೆನ್ಸ್ ಕರೀರಿ," ಎಂದರು ಹಿಂದಿದ್ದ ಹೋಂಗಾರ್ಡ್‌ಗಳಿಗೆ. "ಪಾಸಿಟಿವ್ ಪೇಷಂಟ್‌ನ ಜೀಪಲ್ಲಿ ಕಳಿಸೋ ಹಾಗಿಲ್ಲ. ಕೋಟೆ ಆಸ್ಪತ್ರೆಗೆ ಹೋಗ್ಲಿ. ಇವ್ರು ಪ್ರೈಮರಿ ಕಾಂಟ್ಯಾಕ್ಟ್. ಇವ್ರೂ ಹೋಗ್ಲಿ."

"ನಾನಾ? ನಾನು ಆ ಕಡೆಯೋನು..."

"ಬ್ಯಾರಿಕೇಡ್ ದಾಟಿ ಈ ಕಡೆ ನಿಂತಿದೀರಿ. ಪೇಷಂಟ್ ಕೈಯನ್ನೂ ಹಿಡ್ಕೊಂಡಿದೀರಿ. ನನ್ ಕಣ್ಣಾರೆ ನೋಡಿದೀನಿ."

ಅವನ ಮುಖ ಬಿಳುಚಿತು. ಸುಳ್ಳು ಹೇಳಿದೆ ಅನ್ನಲೇ? ಹಾಗಾದರೆ ಅಣ್ಣ ಸತ್ತದ್ದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ಆಮೇಲೆ ಸೇತುವೆ ಕಡೆಗೆ ಓಡಿದ. ಕೆಸರಿನಲ್ಲಿ ಚಪ್ಪಲಿ ಜಾರಿತು. ಹೋಂಗಾರ್ಡ್‌ಗಳು ಎತ್ತಿಕೊಂಡು ಬಂದರು.

ಆಂಬುಲೆನ್ಸ್ ಬಂತು. "ನೀವೂ ಹತ್ರೀ, ಗಂಡ," ಎಂದರು ಯಶೋಧರಾ, ನನಗೆ.

ಕಾಡಿನ ದಾರಿಯುದ್ದಕ್ಕೂ ಪ್ರೇಮಾ ಮಾತಾಡುತ್ತಲೇ ಇದ್ದಳು. ಯಶೋಧರಾ ಎದುರು ಕೂತು ಮೊಬೈಲಿನಲ್ಲಿ ಎಲ್ಲ ರೆಕಾರ್ಡ್ ಮಾಡಿಕೊಂಡರು. ಮೇಸ್ತ್ರಿಯನ್ನು ಹಿಂದಿನ ಗಾಡಿಯಲ್ಲಿ ತಂದು, ಕೋಟೆಯ ಹಾಸ್ಟೆಲೊಂದರಲ್ಲಿ ಕ್ವಾರಂಟೈನ್ ಎಂದು ಕೂಡಿಹಾಕಿ, ಹೊರಗಿನಿಂದ ಬೀಗ ಜಡಿದರು. ಕೇಸು ದಾಖಲಾಗುವಾಗ ಆಸಾಮಿಯನ್ನು ಹುಡುಕುವ ಕೆಲಸವೇ ಇರಲಿಲ್ಲ.

ಟೆಸ್ಟ್ ರಿಪೋರ್ಟ್‌ಗಳು ಬಂದವು. ಪ್ರೇಮಾ ನೆಗೆಟಿವ್. ನಾನು ನೆಗೆಟಿವ್. ಅವಳನ್ನು ಕರೆದುಕೊಂಡು ಹೋಗಲು ಚಾಮುಂಡಮ್ಮ ತಾನೇ ಬಂದಿದ್ದಳು.

ಪಾಸಿಟಿವ್ ಬಂದದ್ದು ಮೇಸ್ತ್ರಿಗೆ. ಉಸಿರಾಡಲಾಗದೆ ಒದ್ದಾಡಿದ. ಡಾಕ್ಟರು ಸಾಯಲು ಬಿಡಲಿಲ್ಲ. ಆಕ್ಸಿಜನ್ ಕೊಟ್ಟು, ಗಂಜಿ ಕುಡಿಸಿ, ಪೂರ್ತಿ ಗುಣ ಮಾಡಿ... ಆಮೇಲೆ ಕೈಗೆ ಕೋಳ ಹಾಕಿಸಿದರು.