ಎರವಲು ಗಂಟೆ

೧೯೩೬ರ ಮಾರ್ಚ್ ೧೦, ಬೆಳಿಗ್ಗೆ ಒಂಬತ್ತು ಗಂಟೆ. ಹೊಸಪೇಟೆ ಠಾಣೆಗೆ ಸ್ಟೇಶನ್ ಮಾಸ್ತರ್ ವೆಂಕೋಬರಾಯರ ದೂರು ಬಂತು. ಪಾದ್ರಿ ಸಮಾಧಾನಪ್ಪನವರ ಆಶ್ರಮಕ್ಕೆ ಎರವಲು ಕೊಟ್ಟಿದ್ದ ರೈಲ್ವೆಯ ಹಳೆಯ ಹಿತ್ತಾಳೆ ಗಂಟೆ ಕಳುವಾಗಿದೆ.

ಸಬ್ ಇನ್ಸ್‌ಪೆಕ್ಟರ್ ವ್ಯಾಸರಾಜ ಎಫ್‌ಐಆರ್ ಬರೆಸಿ ಹಣೆ ಚಚ್ಚಿಕೊಂಡ. ಜೈಲಿನಿಂದ ಬಿಟ್ಟ ಹುಡುಗರನ್ನು ಕರೆತಂದು, ಅನ್ನ ಹಾಕಿ, ಬಡಗಿ ಕೆಲಸ ಕಲಿಸುವ ಆಶ್ರಮ ಅದು. ಅಲ್ಲಿ ಏನು ಕಳುವಾದರೂ ಪಾದ್ರಿಗಳು ಬೆಳಿಗ್ಗೆ ದೂರು ಕೊಟ್ಟು ಸಂಜೆ ವಾಪಸು ತೆಗೆದುಕೊಳ್ಳುತ್ತಿದ್ದರು. ಹೆಸರಿಗಷ್ಟೇ ಸಮಾಧಾನಪ್ಪ, ಠಾಣೆಯವರಿಗೆ ಅವರಿಂದ ಸಮಾಧಾನ ಸಿಕ್ಕಿದ್ದೇ ಇಲ್ಲ.

ಹತ್ತೂವರೆಗೆ ಪಂಚನಾಮೆ. ಗಂಟೆ ಕಟ್ಟಿದ್ದ ಹಗ್ಗವನ್ನು ಕೊಯ್ದಿರಲಿಲ್ಲ. ಬಿಚ್ಚಿ, ಸುರುಳಿ ಸುತ್ತಿ, ಮೊಳೆಗೆ ತೂಗುಹಾಕಲಾಗಿತ್ತು.

"ಯಾರು ಒಯ್ದ್ರು?" ವ್ಯಾಸರಾಜ ಕೇಳಿದ.

"ಗೊತ್ತೈತ್ರಿ. ಹೇಳಂಗಿಲ್ಲ," ಎಂದರು ಪಾದ್ರಿ. "ನನ್ನ ಮುಂದ ಬಂದು ಅತ್ತಾನ್ರಿ. ಕ್ಷಮಿಸೀನಿ."

"ಗಂಟಿ ನಿಮ್ಮದಲ್ರೀ! ಮಂದಿ ಸಾಮಾನಿಗೆ ನೀವು ಹ್ಯಾಂಗ ಕ್ಷಮಿಸ್ತೀರಿ?"



ಕಾನ್‌ಸ್ಟೆಬಲ್ ಕೊಟ್ರಯ್ಯ ಕಂಪ್ಲಿಯ ಪಾತ್ರೆ ಅಂಗಡಿಗಳನ್ನೆಲ್ಲ ತಡಕಿ ಬರಿಗೈಯಲ್ಲಿ ಬಂದ. ಮರುದಿನ ಗಂಟೆ ಆಶ್ರಮದ ಹಿತ್ತಲಿನ ಹುಲ್ಲುಬಣವೆಯಲ್ಲೇ ಸಿಕ್ಕಿತು.

"ಬಗಲಾಗ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದಂಗಾತು ನೋಡ್ರಿ ಸಾಹೇಬ್ರ!" ಕೊಟ್ರಯ್ಯ ಗೊಣಗಿದ.

ಕದ್ದದ್ದನ್ನು ಬೇಲಿ ದಾಟಿಸದವನು ಎಂಥ ಕಳ್ಳ? ವ್ಯಾಸರಾಜ ಆಶ್ರಮದ ಕಳವುಗಳ ಹಳೆಯ ದಾಖಲೆ ತೆಗೆಸಿದ. ೧೯೩೪ರ ಮಾರ್ಚ್ ೨೪: ಗಡಿಯಾರ. ೧೯೩೫ರ ಮಾರ್ಚ್ ೧೭: ಲಾಟೀನು. ಈಗ ಮಾರ್ಚ್ ೧೦. ಒಂದರಿಂದ ಇನ್ನೊಂದಕ್ಕೆ ವರ್ಷ ತುಂಬಲು ಸರಿಯಾಗಿ ಒಂದು ವಾರ ಬಾಕಿ. ಆಶ್ರಮಕ್ಕೊಂದು ನಿಯಮವಿತ್ತು. ಒಂದು ವರ್ಷ ತಪ್ಪು ಮಾಡದವನಿಗೆ ಸರ್ಟಿಫಿಕೇಟು, ಹೊಸ ಪಂಚೆ, ಸಂಡೂರಿನ ಗಣಿಯಲ್ಲಿ ಕೆಲಸ. ತಪ್ಪು ಮಾಡಿದವನಿಗೆ ಲೆಕ್ಕ ಮತ್ತೆ ಮೊದಲಿನಿಂದ. ಬರುವ ಹದಿನೇಳಕ್ಕೆ ವರ್ಷ ತುಂಬುವವನು ಅಲ್ಲಿ ಒಬ್ಬನೇ. ಗಂಟೆ ಬಾರಿಸುವ ಪಾಲಪ್ಪ, ವಯಸ್ಸು ಹತ್ತೊಂಬತ್ತು.

ಹನ್ನೊಂದು ಗಂಟೆಗೆ ಆಶ್ರಮದಲ್ಲೇ, ಪಾದ್ರಿಗಳ ಎದುರಿಗೆ ದಸ್ತಗಿರಿ ಆಯಿತು.

"ಯಾಕಲೇ? ಇನ್ನೊಂದು ವಾರ ತಡಕೊಳ್ಳಾಕ ಆಗಲಿಲ್ಲೇನು?"

"ತಡಕೊಂಡಿದ್ರ ಹೊರಗ ಕಳಿಸ್ತಿದ್ರಲ್ರೀ," ಎಂದ ಪಾಲಪ್ಪ. "ತಪ್ಪು ಮಾಡಿದ್ರ ಇಟ್ಕೋತಾರ್ರಿ. ಜೈಲಿನಾಗ ನಾನು ನಲವತ್ತೊಂದು ನಂಬರ್ರಿ. ಇಲ್ಲಿ ಊಟಕ್ಕ ಹೆಸರು ಹಿಡಿದು ಕರೀತಾರ. ಗಂಟಿ ರೈಲ್ವೆದು ಅಂತ ಗೊತ್ತಿರಲಿಲ್ರಿ."

ವ್ಯಾಸರಾಜನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಅದು ಹುಡುಗನ ಮೇಲಲ್ಲ. ಪಾದ್ರಿಗಳ ಕಡೆ ತಿರುಗಿದ.

"ಮೂರು ಸಲ ಕ್ಷಮಿಸಿದ್ರಿ. ಒಂದು ಸಲಾನಾರ ಯಾಕ ಕದ್ದಿ ಅಂತ ಕೇಳಿದ್ರೇನ್ರೀ?"

"ಇಲ್ರಿ," ಎಂದರು ಪಾದ್ರಿ. ಅವರ ಕಣ್ಣು ತುಂಬಿತ್ತು.

ಗಂಟೆ ಜಪ್ತಿಯಾದ ಮುದ್ದೆಮಾಲಾಗಿ ಠಾಣೆಯ ಮೇಜು ಸೇರಿತು. ಮಧ್ಯಾಹ್ನ ಒಂದಕ್ಕೆ ಪಾದ್ರಿ ರೊಟ್ಟಿ ಬುತ್ತಿ ಹಿಡಿದು ಠಾಣೆಯ ಮೆಟ್ಟಿಲಿನಲ್ಲಿ ನಿಂತು ಗಟ್ಟಿಯಾಗಿ ಕೂಗಿದರು.

"ಪಾಲಪ್ಪಾ, ಊಟಕ್ಕ ಬಾರಪ್ಪಾ!"

ಲಾಕಪ್ಪಿನೊಳಗೆ ಹುಡುಗ ತಟ್ಟನೆ ಎದ್ದು ನಿಂತ.

"ಇವ್ರ ಕಾಟ ತಪ್ಪಂಗಿಲ್ಲ. ಬೀಗ ತಗಿ ಕೊಟ್ರಯ್ಯ, ಇಲ್ಲೇ ಕುಂತು ಉಣ್ಲಿ," ಎಂದು ರೇಗಿದ ವ್ಯಾಸರಾಜ, ಕೇಸ್ ಡೈರಿ ಎಳೆದುಕೊಂಡ. ಕಳವಿನ ಉದ್ದೇಶ ಎಂಬ ಸಾಲಿಗೆ ಬಂದು ಪೆನ್ನನ್ನು ಮಸಿಯಲ್ಲಿ ಅದ್ದಿದ. ಆಮೇಲೆ ಬರೆದ: "ಮನೆ ಬಿಟ್ಟು ಹೋಗಬಾರದೆಂದು."