ಸಮನಾಗಿ ಉರಿದ ಎರಡು ದೀಪ

ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದು ಹಾಡಹಗಲಲ್ಲಿ, ಮಧ್ಯಾಹ್ನ ಎರಡು ಗಂಟೆ ಮೂವತ್ತಾರು ನಿಮಿಷಕ್ಕೆ ಶುರುವಾಗಿ.

ವಿದ್ಯುತ್ ಸ್ಟೇಷನ್ನಿನಿಂದ ಊರಿಗೆ ಹೋಗುವ ನಾಲ್ಕನೆಯ ಲೈನಿನಲ್ಲಿ ತಂತಿ ಹರಿದು ನೆಲಕ್ಕೆ ಬಿತ್ತು. ಇಂಥದ್ದು ವರ್ಷಕ್ಕೆ ಹತ್ತು ಸಲ ಆಗುತ್ತದೆ. ತಂತಿ ಬಿದ್ದೊಡನೆ ಗೋಡೆಯ ಮೇಲಿನ ರಿಲೇ ಅದನ್ನು ಗುರುತಿಸಬೇಕು. ಅಂಗಳದಲ್ಲಿರುವ ಬ್ರೇಕರ್ ಠಪ್ಪೆಂದು ತೆರೆದುಕೊಂಡು ಆ ಲೈನನ್ನು ಕತ್ತರಿಸಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಆ ದಿನ ಬ್ರೇಕರ್ ತೆರೆಯಲಿಲ್ಲ. ಅದು ಕೈಕೊಟ್ಟರೆ ಇರಲಿ ಎಂದು ಅದರ ಹಿಂದೆ ಇನ್ನೊಂದು ಬ್ರೇಕರ್ ಇತ್ತು — ಅದೂ ತೆರೆಯಲಿಲ್ಲ. ದೂರದ ಸ್ಟೇಷನ್ನಿನವರಿಗೆ ಫೋನು ಮುಟ್ಟಿ, ಅವರು ಕೈಯಾರೆ ಕತ್ತರಿಸುವ ಹೊತ್ತಿಗೆ, ನಲವತ್ತು ವರ್ಷ ಊರಿಗೆ ಬೆಳಕು ಕೊಟ್ಟ ಟ್ರಾನ್ಸ್‌ಫಾರ್ಮರ್ ಕಪ್ಪು ಹೊಗೆ ಕಾರುತ್ತ ನಿಂತಿತ್ತು.

ಯಾರಿಗೂ ಏಟಾಗಲಿಲ್ಲ. ಅದೊಂದೇ ಪುಣ್ಯ.

ಐದನೆಯ ದಿನ ಬೆಳಿಗ್ಗೆ ಪರೀಕ್ಷಾ ವಿಭಾಗದ ಹಿರಿಯ ಎಂಜಿನಿಯರ್ ಗೇಟಿನೊಳಗೆ ಕಾಲಿಟ್ಟಾಗ ಸುಟ್ಟ ಎಣ್ಣೆಯ ವಾಸನೆ ಇನ್ನೂ ಗಾಳಿಯಲ್ಲಿತ್ತು. ಎಲ್ಲರೂ ಆಕೆಯನ್ನು ಮೇಡಂ ಎನ್ನುತ್ತಿದ್ದರು. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಮೂವತ್ತೆರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದ್ದು ಇದೇ ಸ್ಟೇಷನ್ನಿನಲ್ಲಿ. ಕಂಟ್ರೋಲ್ ರೂಮಿನ ಬಾಗಿಲು ತಳ್ಳಿದ ಕೂಡಲೇ ಅದೇ ತಂಪು, ಅದೇ ವಾರ್ನಿಷ್ ವಾಸನೆ. ಕರಿ ಪೆಟ್ಟಿಗೆಗಳ ಗಾಜಿನ ಹಿಂದೆ ರಿಲೇಗಳ ಅಲ್ಯೂಮಿನಿಯಂ ತಟ್ಟೆಗಳು ನಿದ್ದೆಗಣ್ಣಿನಲ್ಲಿ ನಿಂತಿದ್ದವು. ಮುಂದಿನ ತಿಂಗಳು ಇವನ್ನೆಲ್ಲ ಕಿತ್ತು, ಪರದೆಯ ಮೇಲೆ ಅಂಕಿ ತೋರಿಸುವ ಹೊಸ ಪ್ಯಾನೆಲ್ಲುಗಳನ್ನು ಕೂರಿಸುವವರಿದ್ದರು.

ವಿಭಾಗದ ಸಾಹೇಬರು ಪ್ರಕರಣವನ್ನು ಎರಡು ಮಾತಿನಲ್ಲಿ ಮುಗಿಸಿದರು. ರಿಲೇ ಪರೀಕ್ಷಿಸಿದ್ದಾರೆ — ಸರಿ ಇದೆ. ಬ್ರೇಕರ್ ಪರೀಕ್ಷಿಸಿದ್ದಾರೆ — ಸರಿ ಇದೆ. ಬ್ಯಾಟರಿ ತುಂಬಿದೆ. ಎಲ್ಲವೂ ಸರಿ ಇದ್ದರೂ ಬ್ರೇಕರ್ ತೆರೆಯಲಿಲ್ಲ ಎಂದರೆ, ಆ ಹೊತ್ತಿಗೆ ಯಾರೋ ಟ್ರಿಪ್ ಸಪ್ಲೈಯನ್ನು, ಅಂದರೆ ಬ್ರೇಕರ್ ತೆರೆಯಲು ಬ್ಯಾಟರಿಯಿಂದ ಹೋಗುವ ಕರೆಂಟನ್ನು, ತೆಗೆದಿದ್ದರು, ಆಮೇಲೆ ಹಾಕಿದ್ದರು. ಕಂಟ್ರೋಲ್ ರೂಮಿನಲ್ಲಿದ್ದವನು ಡ್ಯೂಟಿಯ ಆಪರೇಟರ್ ಒಬ್ಬನೇ. ಸೋಮವಾರ ಅವನನ್ನು ಕೆಲಸದಿಂದ ತೆಗೆಯುವ ಆದೇಶ ಹೊರಡುತ್ತದೆ. ಮೇಡಂ ವರದಿಗೆ ಒಂದು ಸಹಿ ಹಾಕಿದರೆ ಸಾಕು.

"ಅವನು ಯಾಕೆ ತೆಗೀತಾನೆ ಸರ್?" ಎಂದಳು ಆಕೆ.

"ಅದನ್ನ ಅವನೇ ಹೇಳ್ಬೇಕು. ಬಾಯಿ ಬಿಡ್ತಿಲ್ಲ. ಅವನ ಡ್ಯೂಟಿ ಪುಸ್ತಕ ನೋಡಿ, ಆ ಕಡೆ ಬೆಂಕಿ ಧಗಧಗ ಅಂತಿದೆ, ಈ ಮನುಷ್ಯ ದೀಪ ನೋಡ್ಕೊಂಡು ಬರೀತಾ ಕೂತಿದ್ದಾನೆ."

ಆಪರೇಟರನಿಗೆ ಸ್ಟೇಷನ್ನಿನಲ್ಲಿ ನಿಮಿಷಪ್ಪ ಎಂದೇ ಹೆಸರು. ನೊಣ ಹಾರಿದರೂ ಗಂಟೆ ನಿಮಿಷ ಸಮೇತ ಪುಸ್ತಕದಲ್ಲಿ ಬರೆಯುವ ಆಸಾಮಿ. ಅವನು ಸೀನಿದ್ದನ್ನೂ ಬರೆಯುತ್ತಾನೆಂದು ಜತೆಯವರು ರೇಗಿಸುತ್ತಿದ್ದರು. ಹದಿನೇಳು ವರ್ಷದ ಸರ್ವೀಸಿನಲ್ಲಿ ಒಂದು ಕಪ್ಪುಚುಕ್ಕೆ ಇಲ್ಲದವನು ಈಗ ಮೂಲೆಯ ಸ್ಟೂಲಿನ ಮೇಲೆ, ಯಾರದೋ ಮನೆಗೆ ಬಂದವನ ಹಾಗೆ ಕುಳಿತಿದ್ದ.

ಪುಸ್ತಕದ ಆ ಪುಟವನ್ನು ಆಕೆ ಮೂರು ಸಲ ಓದಿದಳು.

2.05 — ಅರ್ತ್ ದೀಪಗಳಲ್ಲಿ ಒಂದು ಮಂದ, ಒಂದು ಪ್ರಖರ.
2.12 — ಎರಡೂ ಸಮ.
2.36 — ನಾಲ್ಕನೇ ಲೈನು. ಬ್ರೇಕರ್ ತೆರೆಯಲಿಲ್ಲ. ಪ್ಯಾನೆಲ್ ಸ್ವಿಚ್ಚಿನಿಂದ ಪ್ರಯತ್ನಿಸಿದೆ, ತೆರೆಯಲಿಲ್ಲ.
2.41 — ಟ್ರಾನ್ಸ್‌ಫಾರ್ಮರಿಗೆ ಬೆಂಕಿ.
2.58 — ಅರ್ತ್ ದೀಪ ಮತ್ತೆ ಒಂದು ಮಂದ, ಒಂದು ಪ್ರಖರ.

ಪ್ಯಾನೆಲ್ಲಿನ ಮೂಲೆಯಲ್ಲಿ ಆ ಎರಡು ಪುಟ್ಟ ದೀಪಗಳಿದ್ದವು. ಬ್ಯಾಟರಿಯ ವೈರುಗಳು ಎಲ್ಲಿಯೂ ನೆಲಕ್ಕೆ ತಗುಲದಿದ್ದರೆ ಎರಡೂ ಒಂದೇ ಸಮ ಉರಿಯುತ್ತವೆ. ಎಲ್ಲೋ ತೇವ ಸೇರಿ ಒಂದು ವೈರು ನೆಲಕ್ಕೆ ತಗುಲಿತೆಂದರೆ ಒಂದು ದೀಪ ಮಂಕಾಗುತ್ತದೆ, ಇನ್ನೊಂದು ಹೊಳೆಯುತ್ತದೆ. ಹಳೇ ಸ್ಟೇಷನ್ನಿಗೆ ಇದು ವಯಸ್ಸಾದವರ ಮಂಡಿನೋವಿನ ಹಾಗೆ, ಬರುತ್ತದೆ, ಹೋಗುತ್ತದೆ. ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ.

"ಎರಡು ಹನ್ನೆರಡಕ್ಕೆ ದೀಪ ಸಮ ಆದಾಗ ಏನಂದ್ಕೊಂಡ್ರಿ?"

"ಒಳ್ಳೇದಾಯ್ತು ಅಂದ್ಕೊಂಡೆ ಮೇಡಂ. ತಾನಾಗಿ ಒಣಗಿರ್ಬೇಕು ಅಂತ."

"ಬ್ಯಾಟರಿ ರೂಮಿಗೆ ಹೋದ್ರಾ?"

"ಇಲ್ಲ."

"ಟ್ರಿಪ್ ಸಪ್ಲೈ ಇದೆಯೋ ಇಲ್ವೋ ಅಂತ ಗುಂಡಿ ಒತ್ತಿ ನೋಡಿದ್ದು ಯಾವಾಗ?"

"ಡ್ಯೂಟಿಗೆ ಬಂದಾಗ, ಎರಡು ಗಂಟೆಗೆ. ಆಗ ಅದರ ದೀಪ ಬಂತು. ಒಂದು ಶಿಫ್ಟಿಗೆ ಒಂದೇ ಸಲ ಒತ್ತೋದು ಮೇಡಂ, ಮೊದಲಿಂದ ಹಾಗೇ." ಅವನು ತಲೆ ತಗ್ಗಿಸಿದ. "ಮನೇಲಿ ನನ್ನ ಮಗಳು ಕೇಳ್ತಾಳೆ, ಅಪ್ಪ ನೀನೇ ಸುಟ್ಟಿದ್ದಂತೆ ಹೌದಾ ಅಂತ. ಏನ್ ಹೇಳ್ಲಿ?"

ಆಕೆ ಪುಸ್ತಕ ಮುಚ್ಚಿದಳು. ಸಾಹೇಬರ ಕಡೆ ತಿರುಗಿ, ತಪ್ಪು ಮಾಡಿದವನು ತನ್ನ ವಿರುದ್ಧ ತಾನೇ ಇಷ್ಟು ಅಚ್ಚುಕಟ್ಟಾಗಿ ಸಾಕ್ಷಿ ಬರೆದಿಡುವುದಿಲ್ಲ ಎಂದಷ್ಟೇ ಹೇಳಿದಳು.

ಘಟನೆಯ ದಿನ ಹೊರಗಿನಿಂದ ಬಂದವನು ಒಬ್ಬನೇ — ಹೊಸ ಪ್ಯಾನೆಲ್ಲಿನ ಕಂಪನಿಯವನು, ಅಳತೆ ತೆಗೆದುಕೊಳ್ಳಲು. ಹಳೆಯ ರಿಲೇಗಳ ಮಾನ ಹೋದಷ್ಟೂ ಅವನಿಗೆ ಲಾಭವೇ ಅಲ್ಲವೆ? ಆಕೆ ಅವನನ್ನು ದೀಪಗಳ ಮುಂದೆ ನಿಲ್ಲಿಸಿ, ಇವು ಯಾತಕ್ಕೆ ಎಂದು ಕೇಳಿದಳು. ಅವನು ಬಗ್ಗಿ ನೋಡಿದ, ತಲೆ ಕೆರೆದುಕೊಂಡ, ಕೊನೆಗೆ ಪ್ಯಾನೆಲ್ ಆನ್ ಇದೆ ಎಂದು ತೋರಿಸಲು ಇರಬೇಕೆಂದ. ಅವನ ಆರ್ಡರಿಗೆ ಎರಡು ತಿಂಗಳ ಹಿಂದೆಯೇ ಸಹಿಯಾಗಿತ್ತು. ಅಂದು ಮಧ್ಯಾಹ್ನ ಎರಡೂವರೆಯವರೆಗೆ ಅವನು ಸಾಹೇಬರ ಆಫೀಸಿನಲ್ಲಿ ಅವರ ಎದುರೇ ಕುಳಿತು ನಕ್ಷೆ ಬಿಡಿಸುತ್ತಿದ್ದ.

ಆಕೆ ಒಬ್ಬಳೇ ಬ್ಯಾಟರಿ ರೂಮಿಗೆ ಹೋದಳು.

ಅದು ಕಟ್ಟಡದ ಹಿಂಬದಿಯ ಪ್ರತ್ಯೇಕ ಕೋಣೆ, ಅಂಗಳದಿಂದಲೇ ಬಾಗಿಲು. ಆಮ್ಲದ ಹುಳಿ ವಾಸನೆ ಮೂಗಿಗೆ ಬಡಿದ ಕೂಡಲೇ ಮೂವತ್ತೆರಡು ವರ್ಷ ಹಿಂದಕ್ಕೆ ಸರಿದುಬಿಟ್ಟವು. ಕಾಲೇಜಿನಿಂದ ಹೊಸದಾಗಿ ಬಂದ ಹುಡುಗಿ, ಸಮೀಕರಣಗಳನ್ನು ಬಾಯಿಪಾಠ ಮಾಡಿದವಳು, ಒಂದು ಫ್ಯೂಸನ್ನೂ ಕಿತ್ತು ನೋಡದವಳು. ಪಕ್ಕದಲ್ಲಿ ಸ್ಟೇಷನ್ನಿನ ಮೇಸ್ತ್ರಿ. ನಾಲ್ವರ ಮುಂದೆ ಮೇಡಂ ಎಂದು ಎದ್ದು ನಿಲ್ಲುತ್ತಿದ್ದರು. ಇಬ್ಬರೇ ಇದ್ದಾಗ ಪುಟ್ಟಿ ಎಂದು ಕರೆದು ಕಲಿಸುತ್ತಿದ್ದರು: ಒಂದೊಂದೇ ಫ್ಯೂಸು ತೆಗಿ ಪುಟ್ಟಿ, ದೀಪ ನೋಡು. ಯಾವುದನ್ನ ತೆಗೆದಾಗ ದೀಪ ಸಮ ಆಗುತ್ತೋ ನೋವು ಆ ದಾರೀಲಿದೆ. ತೆಗೆದ ಫ್ಯೂಸನ್ನ ಮೇಜಿನ ಮೇಲಿಡಬೇಡ, ಜೇಬಲ್ಲಿಟ್ಕೊ; ನೀನು ವೈರು ಮುಟ್ಟಿದಾಗ ಇನ್ಯಾವನೋ ಹಾಕಿಬಿಟ್ಟಾನು. ವಾಪಸ್ ಹಾಕೋ ಮುಂಚೆ ಒರೆಸಿ, ಒಂದು ಚೂರು ವ್ಯಾಸಲೀನ್ ಸವರು.

ಗೋಡೆಯ ಹಲಗೆಯ ಮೇಲೆ ಹನ್ನೆರಡು ಫ್ಯೂಸುಗಳು. ಪ್ರತಿಯೊಂದರ ಕೆಳಗೂ ಬಿಳಿ ಬಣ್ಣದಲ್ಲಿ ಮೇಸ್ತ್ರಿಯ ದುಂಡು ಅಕ್ಷರ. ಆಕೆ ಅನುಮತಿ ಪಡೆದು ಒಂದೊಂದನ್ನೇ ತೆಗೆದು ನೋಡಿ ಹಾಕಿದಳು. ಹನ್ನೊಂದರ ತಾಮ್ರದ ತುದಿಗಳು ಕಂದು ಹಿಡಿದು ಮಂಕಾಗಿದ್ದವು. ಏಳನೆಯದು ಮಾತ್ರ ಚಿನ್ನದ ಹಾಗೆ ಹೊಳೆಯಿತು. ಬೆರಳಿಗೆ ಜಿಡ್ಡು ಅಂಟಿತು. ಕೆಳಗಿನ ಅಕ್ಷರ: ೭ — ಸೈರನ್.

ಆ ಅಕ್ಷರವನ್ನು ಆಕೆ ಇನ್ನೊಮ್ಮೆ ಓದಿದಳು.

ಗೇಟಿನವನನ್ನು ಕರೆದು, ಪುಸ್ತಕದಲ್ಲಿ ಬರೆಯದೆ ಯಾರನ್ನಾದರೂ ಒಳಗೆ ಬಿಟ್ಟೆಯಾ ಎಂದು ಕೇಳಿದಳು. ಅವನು ಕೆಲಸದ ಮೇಲೆ ಆಣೆ ಇಟ್ಟು ಇಲ್ಲವೆಂದ.

"ಮೇಸ್ತ್ರಿ ಬಂದಿರಲಿಲ್ವಾ?"

"ಅವರು ಬರೋದು ಅಂದ್ರೆ ಬರೋದಾ ಮೇಡಂ? ರಿಟೈರಾಗಿ ಹನ್ನೊಂದೂವರೆ ವರ್ಷ ಆಯ್ತು, ವಾರಕ್ಕೊಂದು ಸಲ ಹಾಜರಿ ತಪ್ಪಿಸಿಲ್ಲ. ಈ ಗೋಡೆ ಹೆಸರು ಬರೀತೀವಾ? ಹಾಗೇ ಅವರದ್ದೂ." ಸ್ವಲ್ಪ ತಡೆದು ಸೇರಿಸಿದ: "ಬೆಂಕಿ ಬಿದ್ದಾಗ ಮರಳಿನ ಬಕೆಟ್ ಹೊತ್ತವರು ಅವರೇ ಮೊದಲು."

ಮೇಸ್ತ್ರಿಯ ಮನೆ ಎರಡು ಬೀದಿಯಾಚೆ. ಮುದುಕರು ಮುಂಬಾಗಿಲಲ್ಲಿ ಕುಳಿತು ಪಕ್ಕದ ಮನೆಯವರ ಇಸ್ತ್ರಿಪೆಟ್ಟಿಗೆ ಬಿಚ್ಚಿಕೊಂಡಿದ್ದರು. ಆಕೆಯನ್ನು ಕಂಡು ಮುಖ ಅರಳಿತು. ಕುಳಿತುಕೊಳ್ಳುವ ಮೊದಲೇ ನಿಮಿಷಪ್ಪನ ವಕಾಲತ್ತು ಶುರುವಾಯಿತು: ಅವನು ಇರುವೆ ತುಳಿದರೂ ಪುಸ್ತಕದಲ್ಲಿ ಬರೆಯುವವನು, ಅವನ ಅನ್ನಕ್ಕೆ ಕಲ್ಲು ಹಾಕಬೇಡ, ಅವನ ಕೈಯಿಂದ ಅಂಥದ್ದು ಆಗುವುದಿಲ್ಲ.

"ಆ ದಿನ ದೀಪ ಮಂಕಾಗಿದ್ದು ನೀವೂ ನೋಡಿದ್ರಾ?"

"ನೋಡ್ದೆ ಏನು? ಬ್ಯಾಟರಿ ರೂಮಲ್ಲೂ ಅದೇ ಥರ ಜೋಡಿ ಇದೆಯಲ್ಲ. ಮುಂದಿನ ತಿಂಗಳು ಕಿತ್ತು ಗುಜರಿಗೆ ಹಾಕ್ತಾರಂತೆ, ಕೊನೇ ಸಲ ನಾನೇ ಗುಣ ಮಾಡೋಣ ಅನ್ನಿಸ್ತು. ಏಳು ತೆಗೆದೆ, ಸಮ ಆಯ್ತು. ನಂಗೆ ಗೊತ್ತಿತ್ತು, ಅಂಗಳದ ಮೂಲೇಲಿರೋ ಆ ಸೈರನ್ ವೈರಿನ ಡಬ್ಬಿ, ಅದರ ಮುಚ್ಚಳ ಯಾವತ್ತೂ ಸೋರೋದು." ಅವರು ನಕ್ಕರು. "ಗೇಟಿನವನಿಗೆ ಹೇಳ್ಬೇಡ, ಪಾಪ ಬೈಸ್ಕೊಂಡಾನು."

"ಫ್ಯೂಸು?"

"ಜೇಬಲ್ಲಿ. ಇನ್ನೆಲ್ಲಿ? ಆ ಡಬ್ಬಿ ಬಿಚ್ಚೋಣ ಅಂತ ಅಂಗಳಕ್ಕೆ ಹೋದೆ."

"ವಾಪಸ್ ಯಾವಾಗ ಹಾಕಿದ್ರಿ?"

"ಬೆಂಕಿ ಅಂದ ಮೇಲೆ. ಬಕೆಟ್ ಹೊತ್ತೂ ಹೊತ್ತೂ ನೆನಪಾಯ್ತು, ಸೈರನ್ ಕೂಗಿಸ್ಬೇಕಲ್ಲ! ಓಡಿ ಹೋಗಿ ಹಾಕ್ದೆ. ಕೂಗ್ಲಿಲ್ಲ ದರಿದ್ರದ್ದು. ಕೆಟ್ಟಿರ್ಬೇಕು."

"ಅಷ್ಟು ಗಡಿಬಿಡಿಯಲ್ಲೂ ಒರೆಸಿ ಹಾಕಿದ್ರಾ ಮೇಸ್ತ್ರಿಗಳೇ?"

ಅವರು ತಮ್ಮ ಕೈಗಳನ್ನು ನೋಡಿಕೊಂಡರು. "ಒರೆಸಿದ್ನಾ? ನೆನಪಿಲ್ಲ. ಒರೆಸಿರ್ತೀನಿ." ಆಮೇಲೆ ಆಕೆಯ ಮುಖ ನೋಡಿದರು. ನಗು ಮೆಲ್ಲಗೆ ಇಳಿಯಿತು. "ಯಾಕೆ ಪುಟ್ಟಿ?"

ಅಂಗಿ ಬದಲಿಸಿ ಜತೆಗೆ ಬನ್ನಿ ಎಂದಳು. ದಾರಿಯಲ್ಲಿ ಎಲ್ಲವನ್ನೂ ಹೇಳಿದಳು. ಮೊದಲ ಬೀದಿಯ ತಿರುವಿನಲ್ಲಿ ಅವರು ಒಮ್ಮೆ ನಿಂತರು, ಒಂದು ಕಾಂಪೌಂಡಿನ ಕಂಬಿ ಹಿಡಿದುಕೊಂಡರು. ಆಮೇಲೆ ಅವರೇ ಮುಂದೆ ನಡೆದರು, ಆಕೆಗಿಂತ ಜೋರಾಗಿ.

ಕಂಟ್ರೋಲ್ ರೂಮಿನ ಉದ್ದ ಮೇಜಿನ ಸುತ್ತ ಸಾಹೇಬರು, ನಿಮಿಷಪ್ಪ, ಪ್ಯಾನೆಲ್ಲಿನವನು. ಮೇಸ್ತ್ರಿ ಕುಳಿತುಕೊಳ್ಳಲು ಒಪ್ಪದೆ ಬಾಗಿಲ ಬಳಿ ನಿಂತರು. ಆಕೆ ಪುಸ್ತಕ ತೆರೆದಿಟ್ಟಳು.

"ನಾವೆಲ್ಲ ಎರಡು ಮೂವತ್ತಾರನ್ನೇ ನೋಡ್ತಾ ಇದ್ವಿ ಸರ್. ನೋಡಬೇಕಾದ್ದು ಎರಡು ಹನ್ನೆರಡು. ದೀಪ ಒಂದು ಮಂಕಾದ್ರೆ ಗಾಬರಿ, ಸಮ ಆದ್ರೆ ನೆಮ್ಮದಿ — ನಮಗೆಲ್ಲ ಅದೇ ಅಭ್ಯಾಸ. ಆದರೆ ತೇವ ಏಳು ನಿಮಿಷದಲ್ಲಿ ಒಣಗಲ್ಲ. ಒಣಗಿದ್ದಿದ್ರೆ ಎರಡು ಐವತ್ತೆಂಟಕ್ಕೆ ಮತ್ತೆ ಅದೇ ದೀಪ ಮಂಕಾಗ್ತಿರಲಿಲ್ಲ. ದೀಪ ಸಮ ಆಗಿದ್ದು ಯಾಕಂದ್ರೆ, ತೇವ ಇದ್ದ ದಾರಿಯ ಫ್ಯೂಸನ್ನೇ ಯಾರೋ ತೆಗೆದಿದ್ರು. ರಿಲೇ ಬರೀ ಕಣ್ಣು ಸರ್. ಬ್ರೇಕರನ್ನ ಎಳೆಯೋ ಕೈ ಬ್ಯಾಟರಿ. ಆ ನಲವತ್ತಾರು ನಿಮಿಷ ಈ ಸ್ಟೇಷನ್ನಿಗೆ ಕಣ್ಣಿತ್ತು, ಕೈ ಇರಲಿಲ್ಲ."

"ತೆಗೆದವರು ಯಾರು?"

"ನಾನು," ಎಂದರು ಮೇಸ್ತ್ರಿ.

ಸಾಹೇಬರು ಅವರನ್ನೂ ಆಕೆಯನ್ನೂ ನೋಡಿದರು. ನಿಮಿಷಪ್ಪ ಸ್ಟೂಲಿನಿಂದ ಅರ್ಧ ಎದ್ದ.

"ಅವರು ತೆಗೆದಿದ್ದು ಸೈರನ್ನಿನ ಫ್ಯೂಸು," ಎಂದಳು ಆಕೆ. "ಹಲಗೆ ಮೇಲೆ ಹಾಗೇ ಬರೆದಿದೆ. ಅವರ ತಲೆಯೊಳಗೂ ಹಾಗೇ ಇದೆ. ಸೈರನ್ ಹತ್ತು ನಿಮಿಷ ಇಲ್ಲದಿದ್ರೆ ಯಾರಿಗೂ ತೊಂದರೆ ಇಲ್ಲ. ಆದರೆ ಅಲ್ಲಿ ಸೈರನ್ ಇಲ್ಲ ಸರ್. ಹನ್ನೊಂದು ವರ್ಷದ ಹಿಂದೆ, ಟ್ರಿಪ್ ಸಪ್ಲೈ ಹೋಗ್ತಿದ್ದ ಮೂರನೇ ಫ್ಯೂಸಿನ ಬುಡ ಒಳಗೆ ಸೀಳಿತು, ಬದಲಿ ಸಿಗಲಿಲ್ಲ, ಫ್ಯೂಸು ಸುಮ್ಮನೆ ಜಾಗ ತುಂಬಿಕೊಂಡು ಉಳೀತು. ಸೈರನ್ ಹೇಗೂ ನಿಂತುಹೋಗಿತ್ತು. ಅದರ ಫ್ಯೂಸಿಗೆ, ಅದರ ಕೇಬಲ್ಲಿಗೇ ಟ್ರಿಪ್ ಸಪ್ಲೈ ಸೇರಿಸಿದ್ರು. ನಕ್ಷೆ ತಿದ್ದಿದ್ರು. ರಿಜಿಸ್ಟರಿನಲ್ಲಿ ಬರೆದ್ರು. ಹಲಗೆ ಮೇಲಿನ ಅಕ್ಷರ ಬದಲಿಸಲಿಲ್ಲ. ಮಾರನೇ ದಿನ ಪೇಂಟರ್ ಬಣ್ಣದ ಡಬ್ಬಿ ಹಿಡ್ಕೊಂಡು ಬಂದ. ಅವನನ್ನ ವಾಪಸ್ ಕಳಿಸಿದ್ರು."

"ಯಾರು ಕಳಿಸಿದ್ದು?"

"ನಾನೇ ಸರ್. ಆ ಕೆಲಸ ಮಾಡಿಸಿದ್ದೂ ನಾನೇ."

ಪ್ಯಾನೆಲ್ಲಿನವನು ತನ್ನ ಪೆನ್ನಿನ ಮುಚ್ಚಳ ಹಾಕುವುದೂ ತೆಗೆಯುವುದೂ ನಿಲ್ಲಿಸಿದ. ಪೇಂಟರ್ ಬಂದ ದಿನ ಆಕೆಗೆ ಸ್ಪಷ್ಟವಾಗಿ ನೆನಪಿತ್ತು. ಮೇಸ್ತ್ರಿ ನಿವೃತ್ತರಾಗಿ ಆರು ತಿಂಗಳಾಗಿತ್ತಷ್ಟೆ. ಅವರಿಲ್ಲದ ಸ್ಟೇಷನ್ ಇನ್ನೂ ರೂಢಿಯಾಗಿರಲಿಲ್ಲ. ಪೇಂಟರ್ ಕುಂಚ ಅದ್ದಿದ್ದ. ಇರಲಿ ಬಿಡಪ್ಪ, ಇಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತು ಎಂದಿದ್ದಳು.

ಮೇಸ್ತ್ರಿ ಬಾಗಿಲಿಂದ ಎರಡು ಹೆಜ್ಜೆ ಒಳಗೆ ಬಂದರು. ನಾಲ್ಕು ಜನರ ಮುಂದೆ ಮೊದಲ ಸಲ ಹಾಗೆ ಕರೆದರು.

"ಯಾಕೆ ಅಳಿಸಲಿಲ್ಲ ಪುಟ್ಟಿ?"

"ನಿಮ್ಮ ಅಕ್ಷರ ಅಂತ."

"ನಾನು ಅದನ್ನ ಬರೆದಿದ್ದು, ಓದಿದವನು ಮೋಸ ಹೋಗಬಾರದು ಅಂತ," ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. ಫ್ಯೂಸು ತಪ್ಪು ಹಿಡಿದಾಗ ತಿದ್ದುತ್ತಿದ್ದ ಅದೇ ದನಿ.

ಸಾಹೇಬರು, ಹನ್ನೊಂದು ವರ್ಷದ ಹಿಂದಿನದನ್ನೆಲ್ಲ ಕೆದಕುವುದು ಅಗತ್ಯವಿಲ್ಲ ಎಂದರು. ಹೊರಗಿನವರೊಬ್ಬರು ಫ್ಯೂಸು ತೆಗೆದರು ಎಂದರೆ ಮುಗಿಯಿತು. ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ ಮೇಡಂ, ಯೋಚಿಸಿ.

ಆಕೆ ವರದಿಯ ಹಾಳೆ ಎಳೆದುಕೊಂಡಳು. ಕಾರಣ ಎಂಬಲ್ಲಿ, ಏಳನೆಯ ಫ್ಯೂಸಿನ ತಪ್ಪು ಬರಹ ಎಂದು ಬರೆದಳು. ಹೊಣೆ ಎಂಬಲ್ಲಿ ತನ್ನ ಹೆಸರು, ಹುದ್ದೆ. ಆಪರೇಟರನ ಲೋಪವಿಲ್ಲ ಎಂಬುದನ್ನು ಬೇರೆ ಸಾಲಿನಲ್ಲಿ, ಅಡಿಗೆರೆ ಎಳೆದು. ಸಹಿ ಹಾಕಿ ಪೆನ್ನು ಕೆಳಗಿಡುವಾಗ ಮೇಸ್ತ್ರಿ ಕೈ ಚಾಚಿದ್ದರು.

"ಕೆಳಗೆ ನನಗೂ ಜಾಗ ಬಿಡು."

ಬೇಡವೆನ್ನಲು ಆಕೆ ಬಾಯಿ ತೆರೆದಳು. ಅವರ ಕೈ ಕದಲಲಿಲ್ಲ. ಆಕೆ ಪೆನ್ನು ಕೊಟ್ಟಳು.

ನಿಮಿಷಪ್ಪ ಎದ್ದು ಬಂದು ಮುದುಕರಿಗೆ ಕುರ್ಚಿ ಎಳೆದುಕೊಟ್ಟ.