ನಾಲ್ಕನೇ ಜ್ವರದ ದಿನ

"ಇಲ್ಲೊಂದು ಸೈನ್ ಆಕಪ್ಪಾ, ಬೇಗ. ಪುಷ್ಪ ಕಾಯ್ತಾವ್ಳ."

ಜಗಲಿಯ ಮೇಲೆ ಕೂತು ಬೇವಿನಕಡ್ಡಿ ಜಗಿಯುತ್ತಿದ್ದ ಚಿಕ್ಕಮಾದಪ್ಪ, ಮಗಳು ಚಾಚಿದ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಸೈನ್ ಹಾಕಿದ. ಹಾಳೆ ತಲೆಕೆಳಗಾಗಿತ್ತು. ಹೀಗಾಗಿ ಅವನ ಸೈನು 'ಮಾನ್ಯರೇ' ಅನ್ನುವುದರ ಮೇಲೆ ತಲೆಕೆಳಗಾಗಿ ಕೂತಿತು. ಏನು ಬರೆದಿದೆ ಅಂತ ಅವನು ಕೇಳಲಿಲ್ಲ. ಬೇವಿನಕಡ್ಡಿ ಉಗಿದು, ಸೊಪ್ಪಿನ ತೋಟಕ್ಕೆ ನೀರು ಕಟ್ಟಲು ಹೊರಟುಹೋದ.

ಗೌರಿ ಹಾಳೆಯನ್ನು ಮಡಚಿ ಪಕ್ಕದ ಮನೆಯ ಪುಷ್ಪಳ ಕೈಗಿಟ್ಟಳು. ಅದರಲ್ಲಿ ಇದ್ದದ್ದು ಇಷ್ಟು:

'ಮಾನ್ಯರೇ, ನಮ್ಮ ಮನೆಯಲ್ಲಿ ನಾಲ್ಕನೇ ಜ್ವರ ಬಂದಿದ್ದು ಎಲ್ಲರೂ ಮಲಗಿದ್ದಾರೆ. ಆದ್ದರಿಂದ ನನಗೆ ಒಂದು ದಿನ ರಜಾ ಕೊಡಬೇಕಾಗಿ ಬೇಡಿಕೊಳ್ಳುತ್ತೇನೆ. ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ, ಪುಟ್ಟಗೌರಮ್ಮ ಸಿ., ಐದನೇ ತರಗತಿ.'

ಒಂದಕ್ಷರವೂ ಸುಳ್ಳಲ್ಲ. ಎಲ್ಲರೂ ಅಂದರೆ ರೇಷ್ಮೆ ಹುಳಗಳು. ರಜಾ ಚೀಟಿಯಲ್ಲಿ ಮರ್ಯಾದೆಯಿಂದ ಬರೆಯಬೇಕು ಅಂತ ಗೌರಿ ಹುಳಗಳಿಗೂ 'ಮಲಗಿದ್ದಾರೆ' ಅಂತಲೇ ಬರೆದಿದ್ದಳು.

ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಮೈಮೇಲಿನ ಹಳೇ ತೊಗಲು ಕಳಚುತ್ತದೆ. ಪ್ರತಿ ಸಲವೂ ಅದಕ್ಕೆ ಮೊದಲು ತಿನ್ನುವುದನ್ನು ಬಿಟ್ಟು, ತಲೆಯನ್ನು ಮೇಲಕ್ಕೆತ್ತಿ, ಹೆಚ್ಚುಕಡಿಮೆ ಒಂದು ದಿನ ಅಲ್ಲಾಡದೆ ಇದ್ದುಬಿಡುತ್ತದೆ. ಅದಕ್ಕೇ ಜ್ವರ ಅನ್ನುತ್ತಾರೆ. ಮೈ ಸುಡುವುದಿಲ್ಲ, ಕೆಮ್ಮು ಇಲ್ಲ, ಕಹಿ ಮಾತ್ರೆಯೂ ಇಲ್ಲ. ಸುಮ್ಮನೆ ನಿದ್ದೆ. ಆಗ ಹಿಪ್ಪುನೇರಳೆ ಸೊಪ್ಪು ಹಾಕುವ ಹಾಗಿಲ್ಲ, ತಟ್ಟೆ ಅಲ್ಲಾಡಿಸುವ ಹಾಗಿಲ್ಲ, ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವ ಹಾಗಿಲ್ಲ. ಹುಳವಾಗಿ ಹುಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಗೌರಿಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಯಾಕೆಂದರೆ ಅವಳು ಸರಿಯಾಗಿ ನಿದ್ದೆ ಮಾಡಿ ಇಪ್ಪತ್ತು ದಿನವಾಗಿತ್ತು. ಮನೆಯ ನಡುಮನೆ ತುಂಬ ಹುಳದ ಸ್ಟ್ಯಾಂಡುಗಳು. ಒಂದೊಂದರಲ್ಲೂ ಒಂದರ ಮೇಲೊಂದು ಹತ್ತು ಬಿದಿರು ತಟ್ಟೆ. ಗೌರಿಯ ಚಾಪೆ ಎರಡು ಸ್ಟ್ಯಾಂಡುಗಳ ಸಂದಿಯಲ್ಲಿ. ಮಗ್ಗುಲು ಬದಲಿಸಿದರೆ ಸ್ಟ್ಯಾಂಡಿಗೆ ಮೊಣಕೈ, ಬಾಯಿ ತೆರೆದು ಮಲಗಿದರೆ ಮೇಲಿಂದ ಹುಳದ ಹಿಕ್ಕೆ. ಕೋಳಿ ಕೂಗುವ ಮೊದಲೇ ಅವ್ವನ ಕೂಗು: "ಏಳು ಕೂಸೇ, ಸೊಪ್ಪು ಕುಯ್ಬೇಕು."

ಇವತ್ತು ಆ ಕೂಗಿಲ್ಲ. ಬೀದಿ ಬಾಗಿಲಿಗೆ ಎದುರಾಗಿದ್ದ, ಸೊಪ್ಪು ತುಂಬಿಡುವ ಸಣ್ಣ ಕೋಣೆಯೂ ಖಾಲಿ. ಗೌರಿ ಮೂರು ದಿನದಿಂದ ಇದನ್ನೇ ಲೆಕ್ಕ ಹಾಕುತ್ತಿದ್ದಳು. ಅವಳು ಅಟ್ಟ ಹತ್ತಿ, ಅಲ್ಲಿ ಸುತ್ತಿಟ್ಟಿದ್ದ ಬೂರುಗದ ಹತ್ತಿಯ ಹಾಸಿಗೆಯನ್ನು ಕೆಳಕ್ಕೆ ನೂಕಿದಳು. ಅವ್ವನ ಮದುವೆಯಲ್ಲಿ ಹನೂರಿನಿಂದ ಬಂದ ಹಾಸಿಗೆ ಅದು. ಬಿಸಿಲಿಗೆ ಹಾಕಿ, ಬಡಿದು, ಕೋಣೆಯಲ್ಲಿ ಹಾಸಿದಳು. ಮೇಲೊಂದು ಸೀರೆ, ಅದರ ಮೇಲೆ ರಗ್ಗು, ಕಿಟಕಿಯ ಕಡೆಗೆ ತಲೆದಿಂಬು. ಪಕ್ಕದಲ್ಲಿ ಶಾಲೆಯಿಂದ ತಂದ ಕತೆ ಪುಸ್ತಕ, ಒಂದು ಲೋಟ ಹುರಿಗಡಲೆ. ಎಲ್ಲ ಸಿದ್ಧವಾದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. ಯಳಂದೂರಿನ ಬಟ್ಟೆ ಅಂಗಡಿಯ ಕ್ಯಾಲೆಂಡರಿನಲ್ಲಿ ಮಲಗಿದ್ದ ರಾಣಿಗೂ ಇಂಥ ಹಾಸಿಗೆ ಇರಲಿಲ್ಲ.

ಕಾಲು ತೊಳೆದುಕೊಂಡು ಬರೋಣ ಅಂತ ಹಿತ್ತಿಲಿಗೆ ಹೋದಳು. ಅದೇ ತಪ್ಪಾದದ್ದು.

ಅವ್ವ ಶಿವರತ್ನಮ್ಮ ಬೆಳಗಿನಿಂದ ಅಂಗಳ ಸಾರಿಸಿ, ರಾಶಿ ಬಟ್ಟೆ ಒಗೆದು, ಜ್ವರಕ್ಕೆ ಕೂತ ಹುಳದ ತಟ್ಟೆಗಳಿಗೆ ಸುಣ್ಣದ ಪುಡಿ ಉದುರಿಸಿ, ಈಗ ಪೊರಕೆ ಹಿಡಿದು ಕೋಣೆಗೆ ಬಂದಿದ್ದಳು. ಗೌರಿ ವಾಪಸ್ ಬಂದಾಗ ಅವ್ವ ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡುತ್ತಿದ್ದಳು.

"ಅತ್ತಿ ಗಂಟು ಗಂಟಾಗ್ಬುಟ್ಟದ ಕಣವ್ವ. ತಡಿ, ನೋಡ್ತೀನಿ."

ಹಾಸಿಗೆಯ ಅಂಚಿನಲ್ಲಿ ಕೂತಳು. ಅಲ್ಲಿ ಗಂಟಿರಲಿಲ್ಲ. ನಡುವೆ ಇದೆಯೋ ಅಂತ ಒರಗಿ ನೋಡಿದಳು. ತಲೆಯ ಕಡೆ ಇದೆಯೋ ಅಂತ ದಿಂಬಿನ ಮೇಲೆ ತಲೆಯಿಟ್ಟಳು.

"ಇಲ್ಲೊಸಿ ಗಂಟಾಗ್ಬುಟ್ಟದ, ನಾಳ ಬಿಚ್ಚಿ..."

ನಾಳೆ ಬಿಚ್ಚಿ ಏನು ಮಾಡಬೇಕು ಅನ್ನುವುದು ತಿಳಿಯಲಿಲ್ಲ. ಅವ್ವ ನಿದ್ದೆ ಹೋಗಿದ್ದಳು. ಪೊರಕೆ ಇನ್ನೂ ಕೈಯಲ್ಲೇ ಇತ್ತು.

ಗೌರಿ ಸ್ವಲ್ಪ ಹೊತ್ತು ಕಾದಳು. ಕೆಮ್ಮಿದಳು. ಪುಸ್ತಕವನ್ನು ನೆಲಕ್ಕೆ ಬೀಳಿಸಿದಳು. ಹುರಿಗಡಲೆಯನ್ನು ಕಟಕಟ ಅಂತ ಅವ್ವನ ಕಿವಿಯ ಹತ್ತಿರವೇ ಕಡಿದಳು. ಏನೂ ಆಗಲಿಲ್ಲ. ಕೊನೆಗೆ ರಗ್ಗನ್ನು ಹಿಡಿದು ಎಳೆದಳು. ಅವ್ವ ಕಣ್ಣು ಬಿಡದೆಯೇ ಅದನ್ನು ವಾಪಸ್ ಎಳೆದುಕೊಂಡಳು, ಗೌರಿಗಿಂತ ಜೋರಾಗಿ.

ಇನ್ನು ಕೂಗಿಯೇ ಎಬ್ಬಿಸಬೇಕು ಅಂತ ಗೌರಿ ಮೊಣಕಾಲೂರಿ ಬಗ್ಗಿದಳು. ಬಗ್ಗಿದವಳು ಹಾಗೇ ಉಳಿದಳು. ಅವ್ವನ ಬಾಯಿ ಸ್ವಲ್ಪ ತೆರೆದಿತ್ತು. ಹಣೆಯ ಗೆರೆಗಳು ಎಲ್ಲೋ ಹೋಗಿದ್ದವು. ಸೊಪ್ಪು ಬಿಡಿಸಿ ಬಿಡಿಸಿ ಕಪ್ಪಾದ ಬೆರಳುಗಳು ಪೊರಕೆಯನ್ನು ಬಿಟ್ಟು ಮೆಲ್ಲಗೆ ಸಡಿಲವಾದವು. ಸಣ್ಣಗೆ ಗೊರಕೆ ಬೇರೆ. ಅವ್ವ ಗೊರಕೆ ಹೊಡೆಯುತ್ತಾಳೆ ಅನ್ನುವುದು ಗೌರಿಗೆ ಹೊಸ ಸುದ್ದಿ. ಗೊತ್ತಾಗುವುದಾದರೂ ಹೇಗೆ? ಅವ್ವ ಮಲಗುವ ಹೊತ್ತಿಗೆ ಗೌರಿಗೆ ನಿದ್ದೆ, ಗೌರಿ ಏಳುವ ಹೊತ್ತಿಗೆ ಅವ್ವನ ಅರ್ಧ ಕೆಲಸ ಮುಗಿದಿರುತ್ತದೆ. ಅವ್ವ ಮಲಗಿದ್ದನ್ನು ಅವಳು ಹತ್ತು ವರ್ಷದಲ್ಲಿ ನೋಡಿಯೇ ಇರಲಿಲ್ಲ.

ಸಂಜೆಗೆ ಹುಳ ಜ್ವರದಿಂದ ಏಳುತ್ತವೆ. ಆಮೇಲೆ ಏಳೆಂಟು ದಿನ ಅವುಗಳದ್ದು ರಾಕ್ಷಸರ ಊಟ, ಹಗಲೂ ಇಲ್ಲ ರಾತ್ರಿಯೂ ಇಲ್ಲ. ಅವ್ವನಿಗೆ ಸಿಗುವುದು ಈ ಸಂಜೆಯವರೆಗಿನ ಹೊತ್ತು ಮಾತ್ರ.

ಗೌರಿ ಪೊರಕೆಯನ್ನು ತೆಗೆದಿಟ್ಟಳು. ಸಿಟ್ಟು ಪೂರ್ತಿ ಹೋಗಿರಲಿಲ್ಲ. ಹುರಿಗಡಲೆ ತೆಗೆದುಕೊಂಡು ಬಾಗಿಲ ಹೊರಗೆ ಕೂತು, ಪುಸ್ತಕದ ಮೊದಲ ಪುಟ ತೆರೆದಳು.

ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಬೀದಿಯ ಕೊನೆಯಲ್ಲಿ ಒಂದು ಮೆರವಣಿಗೆ ಕಾಣಿಸಿತು. ಮುಂದೆ ಪುಷ್ಪ. ಅವಳ ಹಿಂದೆ ಕೊಡೆ ಹಿಡಿದ ಹೊಸ ಮೇಷ್ಟ್ರು ವೃಷಭೇಂದ್ರಪ್ಪ. ಅವರ ಹಿಂದೆ ಸೈಕಲ್ ತಳ್ಳಿಕೊಂಡು, ಕ್ಯಾರಿಯರಿಗೆ ಪೆಟ್ಟಿಗೆ ಕಟ್ಟಿಕೊಂಡು, ಮಲೇರಿಯಾ ಪರೀಕ್ಷೆಗೆ ಬೆರಳು ಚುಚ್ಚಿ ರಕ್ತ ತೆಗೆಯುವ ಗೋವಿಂದಯ್ಯ.

ಆದದ್ದೇನು ಅಂತ ಪುಷ್ಪ ಆಮೇಲೆ ಹೇಳಿದಳು. ಹಳೇ ಮೇಷ್ಟ್ರಾಗಿದ್ದರೆ ಅವರ ಮನೆಯಲ್ಲೂ ಹುಳ ಇದ್ದುದರಿಂದ 'ಎಷ್ಟನೇ ಜ್ವರ?' ಅಂತ ಕೇಳಿ ಸುಮ್ಮನಾಗುತ್ತಿದ್ದರು. ಹೊಸ ಮೇಷ್ಟ್ರು ದಾವಣಗೆರೆ ಕಡೆಯವರು, ಬಂದು ಮೂರು ವಾರವೂ ಆಗಿಲ್ಲ. ಚೀಟಿ ಓದಿ ಅವರ ಮುಖ ಬಿಳುಚಿಕೊಂಡಿತು. ಇದು ನಿಜವೇ ಅಂತ ತರಗತಿಯನ್ನು ಕೇಳಿದರು. ನಿಜ ಸಾ, ನಮ್ಮ ಮನೇಲಿ ಇನ್ನೂ ಮೂರನೇ ಜ್ವರ, ಅಂದಳು ಪುಷ್ಪ. ನಮ್ಮ ಮನೇಲಿ ನಿನ್ನೆ ಎದ್ದಾಯ್ತು ಸಾ, ಅಂದ ಇನ್ನೊಬ್ಬ. ನಮ್ಮ ಮನೇಲಿ ಜ್ವರದಿಂದ ಎದ್ದ ಮೇಲೆ ಅರ್ಧಕ್ಕರ್ಧ ಸಾವು, ತಿಪ್ಪೆಗೆ ಹಾಕಿದೆವು ಸಾ, ಅಂದ ಮತ್ತೊಬ್ಬ. ಮೇಷ್ಟ್ರು ಕುರ್ಚಿ ಹಿಡಿದುಕೊಂಡು ಎದ್ದು ನಿಂತರಂತೆ. ಅಷ್ಟರಲ್ಲಿ ಪುಣ್ಯಕ್ಕೆ ಗೋವಿಂದಯ್ಯ ಪಕ್ಕದೂರು ಅಗರದ ಕಡೆಯಿಂದ ಸೈಕಲ್ಲಿನಲ್ಲಿ ಬಂದಿದ್ದ.

ಗೌರಿ ಬೀದಿಗೆ ಓಡಿ ಅವರನ್ನು ಅಲ್ಲೇ ತಡೆದಳು. ತುಟಿಯ ಮೇಲೆ ಬೆರಳಿಟ್ಟು, ಜ್ವರ ಬಂದಿರುವುದು ಹುಳಕ್ಕೆ ಅಂತ ಪಿಸುಗುಟ್ಟಿದಳು. ಗೋವಿಂದಯ್ಯ ಕೊಳ್ಳೇಗಾಲದವನು, ಅವನಿಗೆ ಕೂಡಲೇ ಗೊತ್ತಾಗಿಹೋಯಿತು. ಹಣೆ ಚಚ್ಚಿಕೊಂಡು ಎಂಥ ನಗು ನಕ್ಕನೆಂದರೆ, ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸಿನ ಹಾರನ್ನಿನ ಹಾಗಿತ್ತು. ಗೌರಿ ಎರಡೂ ಕೈಯಲ್ಲಿ ಅವನಿಗೆ ಸನ್ನೆ ಮಾಡಿದಳು. ಮೇಷ್ಟ್ರು ಕೊಡೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಹುಳಕ್ಕೂ ಜ್ವರ ಬರುತ್ತದೆ ಅಂತ ತಾವು ಟ್ರೈನಿಂಗಿನಲ್ಲಿ ಓದಿರಲಿಲ್ಲ ಅಂತ ಹೇಳಿದರು.

ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಿರುಗಿ ಹೊರಡುವಾಗ ಮೇಷ್ಟ್ರ ಕಣ್ಣು ತೆರೆದ ಬಾಗಿಲಿನ ಕಡೆ ಹೋಯಿತು. ಕೋಣೆಯಲ್ಲಿ ರಗ್ಗಿನ ಕೆಳಗಿನಿಂದ ಎರಡು ಪಾದ ಕಾಣುತ್ತಿದ್ದವು.

"ಅಲ್ಲಿ ಮಲಗಿರೋರು ಯಾರಮ್ಮ?"

"ನಮ್ಮವ್ವ ಸಾ."

ಗೋವಿಂದಯ್ಯನ ನಗು ನಿಂತುಹೋಯಿತು. ಅವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಪೆಟ್ಟಿಗೆಯಿಂದ ಗಾಜಿನ ಪಟ್ಟಿ, ಹತ್ತಿ, ಸೂಜಿ ಎಲ್ಲ ತೆಗೆದ. "ಎಂಗಸು ಅಗಲೊತ್ತಲ್ಲಿ ಮಲ್ಗವ್ಳ ಅಂದ್ರ ಸುಮ್ನಲ್ಲ ಸಾ. ನಂಗ ಎಷ್ಟು ಮನ ನೋಡಿ ಗೊತ್ತಿಲ್ಲ? ಎಬ್ಬಿಸವ್ವ ಅವ್ಳ, ಒಂದು ತೊಟ್ಟು ರಕ್ತ ತಕತೀನಿ."

ಗೌರಿ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತಳು. ಎರಡೂ ಕೈ ಬಾಗಿಲವಾಡದ ಎರಡೂ ಕಡೆಗೆ ತಾಗಿದ್ದವು.

"ಜ್ವರ ಇಲ್ಲ. ನಿದ್ದ."

"ಅಗಲೊತ್ತು ನಿದ್ದಯಾ? ಸುಸ್ತಾ? ವಾಂತಿಗೀಂತಿ?"

"ಏನೂ ಇಲ್ಲ. ಸುಮ್ನ ಮಲ್ಗವ್ಳ."

ಗೋವಿಂದಯ್ಯ ನಂಬಲಿಲ್ಲ. ಮೇಷ್ಟ್ರೂ ನಂಬಿದಂತೆ ಕಾಣಲಿಲ್ಲ. ಊರಲ್ಲಿ ಗಂಡಸರು ಹಗಲು ಮಲಗುವುದಕ್ಕೆ ಜಗಲಿ ಇದೆ, ಅರಳಿಕಟ್ಟೆ ಇದೆ, ಡೈರಿಯ ಮುಂದೆ ಕಲ್ಲುಬೆಂಚು ಇದೆ. ಹೆಂಗಸರು ಮಲಗಬೇಕಾದರೆ ಮಾತ್ರ ಜ್ವರವೇ ಬರಬೇಕು. ಅದೂ ಪೆಟ್ಟಿಗೆಯವನು ಬಂದು ನೋಡಿ ಹೌದು ಅಂದ ಮೇಲೆ. ಗೌರಿಗೆ ಸಿಟ್ಟು ಬಂತು. ಆದರೆ ಜೋರಾಗಿ ಮಾತಾಡುವ ಹಾಗಿರಲಿಲ್ಲ. ಪಿಸುಮಾತಿನಲ್ಲೇ ಜಗಳಕ್ಕೆ ನಿಂತಳು.

"ನಮ್ಮಪ್ಪ ದಿನಾ ಉಂಡ್ಬುಟ್ಟು ಜಗ್ಲಿ ಮೇಲ ಮಲಗ್ತನ ಸಾ. ನೀವು ಅದೇ ಬೀದಿಲಿ ಸೈಕಲ್ ತುಳ್ಕಂಡು ಓಗ್ತಿರಿ. ಒಂದಿನಾನಾದ್ರೂ ಅವನ ರಕ್ತ ತಕಂಡಿದ್ದೀರಾ?"

ಗೋವಿಂದಯ್ಯ ಸೈಕಲ್ಲಿನ ಬೆಲ್ಲನ್ನು ನೋಡಿದ. ಮೇಷ್ಟ್ರು ಗೋವಿಂದಯ್ಯನನ್ನು ನೋಡಿದರು.

ಆದರೂ ಗೋವಿಂದಯ್ಯನಿಗೆ ಒಂದು ತೊಂದರೆ ಇತ್ತು. ಜ್ವರದ ಮನೆ ಅಂತ ಶಾಲೆಯಲ್ಲೇ ಮೇಷ್ಟ್ರ ಎದುರು ರಿಜಿಸ್ಟರಿನಲ್ಲಿ ಬರೆದುಕೊಂಡಾಗಿತ್ತು. ಬರೆದ ಮೇಲೆ ಒಂದು ತೊಟ್ಟಾದರೂ ರಕ್ತ ಬೇಕು, ಬರಿಗೈಯಲ್ಲಿ ಹೋಗುವ ಹಾಗಿಲ್ಲ ಅಂತ ಗೊಣಗಿದ. ಅವನು ಹೊಸ್ತಿಲ ಕಡೆಗೆ ಒಂದು ಹೆಜ್ಜೆ ಇಟ್ಟಿದ್ದೇ ತಡ, ಗೌರಿ ತನ್ನ ಎಡಗೈ ಬೆರಳನ್ನು ಅವನ ಮೂಗಿನ ಹತ್ತಿರ ಹಿಡಿದಳು.

ಗೌರಿ ಸೂಜಿ ಕಂಡರೆ ಬಾಳೆತೋಟದವರೆಗೂ ಓಡುವ ಹುಡುಗಿ. ಶಾಲೆಯಲ್ಲಿ ಇಂಜೆಕ್ಷನ್ ಹಾಕಿದಾಗ ಅವಳನ್ನು ಹಿಡಿಯಲು ನಾಲ್ಕು ಜನ ಬೇಕಾಗಿತ್ತು. ಈಗ ಜಡೆಯ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಕಣ್ಣು ಮುಚ್ಚಿದಳು. ಚುಚ್ಚಿದ್ದು ಅವಳಿಗೆ, ಕಿರುಚಲು ಬಾಯಿ ತೆರೆದದ್ದು ಪುಷ್ಪ. ಗೌರಿ ಬಲಗೈಯಿಂದ ಪುಷ್ಪಳ ಬಾಯನ್ನು ಅದುಮಿ ಹಿಡಿದಳು.

ಒಳಗೆ ಹಾಸಿಗೆ ಸರಪರ ಅಂದಿತು. "ಯಾರಾ ಅದು?"

ನಾಲ್ವರೂ ಉಸಿರು ಬಿಗಿಹಿಡಿದರು. ಮೇಷ್ಟ್ರು ಒಂದು ಕಾಲನ್ನು ಎತ್ತಿದವರು ಎತ್ತಿಕೊಂಡೇ ನಿಂತರು.

"ಯಾರೂ ಇಲ್ಲ ಕಣವ್ವ," ಅಂದಳು ಗೌರಿ, ಬಾಯಿಂದ ಜಡೆ ತೆಗೆದು.

ಒಳಗಿನಿಂದ ಒಂದು ನಿಟ್ಟುಸಿರು ಬಂತು. ಆಮೇಲೆ ಸದ್ದಿಲ್ಲ. ಗೋವಿಂದಯ್ಯ ಗಾಜಿನ ಪಟ್ಟಿಯನ್ನು ಪೆಟ್ಟಿಗೆಯಲ್ಲಿಟ್ಟು, ಸೈಕಲ್ಲಿನ ಚೈನು ಸದ್ದು ಮಾಡದಿರಲೆಂದು ಹಿಂದಿನ ಚಕ್ರವನ್ನು ಎತ್ತಿಕೊಂಡೇ ಹೊರಟ. ವೃಷಭೇಂದ್ರಪ್ಪ ಮೇಷ್ಟ್ರು ಪುಷ್ಪಳನ್ನು ಮುಂದೆ ಬಿಟ್ಟುಕೊಂಡು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬೀದಿಯ ತಿರುವಿನವರೆಗೂ ಬರಿಗಾಲಲ್ಲಿ ನಡೆದರು.

ಗೌರಿ ಬೆರಳು ಚೀಪುತ್ತಾ ಹೊಸ್ತಿಲ ಮೇಲೆ ಕೂತಳು. ಪುಸ್ತಕ ಅರ್ಧ ಮುಗಿಯಿತು. ನೆರಳು ಜಗಲಿ ದಾಟಿತು.

ಹೊತ್ತು ಇಳಿಯುವ ಹೊತ್ತಿಗೆ ಹುಳಗಳು ತಲೆ ಅಲ್ಲಾಡಿಸತೊಡಗಿದವು. ಅಪ್ಪ ಸೊಪ್ಪಿನ ಹೊರೆ ಹೊತ್ತು ಬಂದು ಬಾಗಿಲಲ್ಲೇ ಕೇಳಿದ, "ನಿಮ್ಮವ್ವ ಎಲ್ಲಿ?" ಗೌರಿ ಕೋಣೆಯ ಕಡೆ ತೋರಿಸಿದಳು. ಅಪ್ಪ ಇಣುಕಿ ನೋಡಿ, "ಯಾಕ, ಮೈಗ್ ಉಸಾರಿಲ್ವಾ?" ಅಂದ. ಗೌರಿ ಇಲ್ಲ ಅಂತ ತಲೆಯಾಡಿಸಿದಳು. ಅವನು ಕಾರಣಕ್ಕೆ ಕಾದ. ಅವಳು ಇಳಿಸು ಅಂತ ಹೊರೆಯನ್ನು ಮಾತ್ರ ತೋರಿಸಿದಳು. ಅಪ್ಪ ಅದನ್ನು ಮಲಗಿದ ಮಗುವನ್ನು ಇಳಿಸಿದ ಹಾಗೆ ನೆಲಕ್ಕಿಳಿಸಿದ.

ಆಮೇಲೆ ತಲೆ ಕೆರೆದುಕೊಂಡ. "ಒಂದು ತಟ್ಟಗ ಎಷ್ಟು ಸೊಪ್ಪು ಆಕದು ಕೂಸೇ?" ಅಂತ ಮೆಲ್ಲಗೆ ಕೇಳಿದ.

ಗೌರಿ ಅಪ್ಪನ ಮುಖ ನೋಡಿದಳು. ಹುಳ ಸಾಕುವುದು ಹೇಗೆ ಅಂತ ಡೈರಿಯ ಮುಂದೆ ಅರ್ಧ ಊರಿಗೆ ಪಾಠ ಹೇಳುವ ಮನುಷ್ಯ. ನಗು ಬಂತು, ನುಂಗಿಕೊಂಡಳು. ಕೈತುಂಬ ಸೊಪ್ಪು ತೆಗೆದುಕೊಂಡು, ಅಂಚಿನಿಂದ ನಡುವಿಗೆ ತೆಳ್ಳಗೆ ಹರಡಿ ತೋರಿಸಿದಳು. ಅಪ್ಪ ಹಸುವಿಗೆ ಹುಲ್ಲು ಹಾಕಿದ ಹಾಗೆ ಹಾಕಿದ. ಅವಳು ಮತ್ತೆ ತೋರಿಸಿದಳು. ಮೂರನೇ ತಟ್ಟೆಗೆ ಒಂದಿಷ್ಟು ಬಂತು. ಮೊದಲ ತಟ್ಟೆಗಳ ಹುಳ ಆಗಲೇ ತಿನ್ನತೊಡಗಿ, ಮನೆಯೊಳಗೆ ಸೋನೆ ಮಳೆ ಬಿದ್ದಂಥ ಸದ್ದು ಹರಡಿತು.

ಆ ಸದ್ದಿಗೇ ಇರಬೇಕು, ಅವ್ವ ದಡಬಡ ಎದ್ದು ಬಂದಳು. ತುರುಬು ಬಿಚ್ಚಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ. "ಅಯ್ಯೋ, ಎಬ್ಬುಸ್ಬಾರ್ದಾ?" ಅನ್ನುತ್ತಾ ಸೊಪ್ಪಿಗೆ ಕೈ ಹಾಕಿದಳು. ಗೌರಿ ಹೊರೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ನಾವ್ ಆಕ್ತಿವಿ. ನೀನು ಕೂತ್ಕೊ."

ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವ್ವನಿಗೆ ತನ್ನ ಕೈಯನ್ನು ಎಲ್ಲಿಟ್ಟುಕೊಳ್ಳಬೇಕು ಅಂತ ತಿಳಿಯಲಿಲ್ಲ. ಸೆರಗಿಗೆ ಒರೆಸಿಕೊಂಡಳು, ತುರುಬು ಕಟ್ಟಿದಳು, ಮತ್ತೆ ಸೆರಗಿಗೆ ಒರೆಸಿಕೊಂಡಳು. ಕೊನೆಗೆ ಕೋಣೆಯ ಹೊಸ್ತಿಲ ಮೇಲೆ, ಬಸ್ ಬಂದ ಕೂಡಲೇ ಏಳುವವಳ ಹಾಗೆ ತುದಿಯಲ್ಲಿ ಕೂತಳು.

ಗೌರಿ ಅವಳ ಕಡೆ ನೋಡಲಿಲ್ಲ. ನೋಡಿದರೆ ಎದ್ದುಬಿಡುತ್ತಾಳೆ ಅಂತ ಗೊತ್ತಿತ್ತು.